ಕರೆಂಟಿನ ಗ್ರಿಲ್: ಬಳಸುವ ಮುನ್ನ, ತೊಳೆಯುವ ಮುನ್ನ



ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ "ಕರಿದದ್ದು ಬಿಡಿ, ಎಣ್ಣೆ ಕಡಿಮೆ ಮಾಡಿ" ಎಂದು ವೈದ್ಯರು ಹೇಳುತ್ತಾರೆ. ಮನೆಗೆ ಹೋದ ಮೇಲೆ ಮಗನೋ ಸೊಸೆಯೋ ಕರೆಂಟಿನ ಗ್ರಿಲ್ ಒಂದನ್ನು ತಂದುಕೊಡುತ್ತಾರೆ. ಬದನೆಕಾಯಿ, ದೊಣ್ಣೆಮೆಣಸಿನಕಾಯಿ, ಪನೀರ್, ಮೆಕ್ಕೆಜೋಳದ ತೆನೆ ಇವನ್ನೆಲ್ಲ ಒಂದು ಚಮಚ ಎಣ್ಣೆಯಲ್ಲಿ ಸುಡಬಹುದು. ಇದು ಒಳ್ಳೆಯದೇ. ಆದರೆ ಅದನ್ನು ಬಳಸುವ, ತೊಳೆಯುವ ರೀತಿ ತಿಳಿದಿರಬೇಕು.

ಹಿಂದೊಮ್ಮೆ ಒಬ್ಬ ತಾಯಿ ಬಲಗೈಗೆ ಬಟ್ಟೆ ಸುತ್ತಿಕೊಂಡು ನಮ್ಮ ಡ್ರೆಸ್ಸಿಂಗ್ ಕೋಣೆಗೆ ಬಂದರು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಡುಗೆ ಮುಗಿಸಿ, ಸ್ವಿಚ್ ಆರಿಸಿ, ತಕ್ಷಣವೇ ಗ್ರಿಲ್ ಒರೆಸಿದ್ದರು. "ಉರಿಯಲೇ ಇಲ್ಲ ಸಿಸ್ಟರ್, ಮರುದಿನ ನೋಡಿದರೆ ದೊಡ್ಡ ಗುಳ್ಳೆ" ಎಂದರು. ಮೇಲೆ ಟೂತ್‌ಪೇಸ್ಟ್ ಮೆತ್ತಿದ್ದರು. ಆ ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅವರು ಅಜಾಗ್ರತೆಯವರಲ್ಲ. ಸ್ವಿಚ್ ಆರಿಸಿದರೂ ಬಿಸಿ ಆರುವುದಿಲ್ಲ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ. ಆದ್ದರಿಂದ ಈ ಪಾಠ.

ಗ್ರಿಲ್ ಕೆಲಸ ಮಾಡುವ ಬಗೆ

ಗೆರೆಗಳಿರುವ ಲೋಹದ ತಟ್ಟೆಯ ಒಳಗೋ ಕೆಳಗೋ ಒಂದು ಕಾಯಿಲ್ ಇರುತ್ತದೆ. ಕರೆಂಟು ಹರಿದಾಗ ಅದು ಕಾಯುತ್ತದೆ. ಗೆರೆಗಳ ನಡುವೆ ಇಳಿದ ಎಣ್ಣೆ, ರಸ ಕೆಳಗಿನ ಸಣ್ಣ ತಟ್ಟೆಗೆ ಬಂದು ಬೀಳುತ್ತದೆ. ಕುದಿಯುವ ನೀರಿನ ಬಿಸಿ 100 ಡಿಗ್ರಿ ಸೆಲ್ಸಿಯಸ್. ಕಾದ ಗ್ರಿಲ್ 200 ಡಿಗ್ರಿಯನ್ನೂ ಮೀರಬಹುದು. ಒಲೆಯಲ್ಲಾದರೆ ಉರಿ ಕಾಣುತ್ತದೆ. ಇಲ್ಲಿ ಉರಿಯೂ ಇಲ್ಲ, ಕೆಂಪು ಬಣ್ಣವೂ ಇಲ್ಲ. ಕಾದ ತಟ್ಟೆಯೂ ತಣ್ಣನೆಯ ತಟ್ಟೆಯೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ.

ಬಳಸುವಾಗ

1. ಗ್ರಿಲ್‌ನ ಅಡಿಯಲ್ಲಿ ಎಷ್ಟು ವಾಟ್ ಎಂದು ಬರೆದಿರುತ್ತದೆ, ನೋಡಿ. ನಮ್ಮ ಮನೆಗಳ ಕರೆಂಟು 230 ವೋಲ್ಟ್. 1500 ವಾಟಿನ ಗ್ರಿಲ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಫ್ಯಾನು, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ ಇದನ್ನು ತಾಳುವುದಿಲ್ಲ. 16 ಆಂಪಿಯರಿನ ದೊಡ್ಡ ಪವರ್ ಪ್ಲಗ್ಗಿಗೇ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

2. ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ. ದಪ್ಪನೆಯ ಮೂರನೆಯ ಪಿನ್ ಅರ್ಥಿಂಗ್‌ಗಾಗಿ ಇದೆ. ಅದನ್ನು ಕಿತ್ತುಹಾಕುವುದು ಜೀವಕ್ಕೆ ಅಪಾಯ.

3. ಒದ್ದೆ ಕೈಯಿಂದ ಸ್ವಿಚ್, ಪ್ಲಗ್ ಮುಟ್ಟಬೇಡಿ. ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿ ಇರಲಿ.

4. ವೈರ್ ಕಟ್ಟೆಯಿಂದ ಕೆಳಗೆ ಜೋತಾಡಬಾರದು. ಮಗು ಅದನ್ನು ಎಳೆದರೆ ಕಾದ ಗ್ರಿಲ್ ಮೈಮೇಲೆ ಬೀಳುತ್ತದೆ.

5. ಕಿಟಕಿ ತೆರೆದಿಡಿ. ಜಿಡ್ಡು ಸುಟ್ಟ ಹೊಗೆ ಅಸ್ತಮಾ ಇರುವವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಮನೆಯಲ್ಲಿ ಆಕ್ಸಿಜನ್ ಬಳಸುವ ರೋಗಿ ಇದ್ದರೆ ಅವರನ್ನೂ ಆಕ್ಸಿಜನ್ ಯಂತ್ರವನ್ನೂ ಅಡುಗೆಮನೆಯಿಂದ ದೂರ ಇಡಿ.

6. ಕಪ್ಪಗೆ ಸೀದ ಭಾಗವನ್ನು ತೆಗೆದುಹಾಕಿ ತಿನ್ನಿ. ಎಣ್ಣೆ ಕಡಿಮೆಯಾಯಿತೆಂದು ಬ್ರೆಡ್ಡು, ಆಲೂಗಡ್ಡೆ ಹೆಚ್ಚು ತಿಂದರೆ ರಕ್ತದ ಸಕ್ಕರೆ ಏರುತ್ತದೆ. ಗ್ರಿಲ್ ಎಣ್ಣೆಯನ್ನು ಉಳಿಸುತ್ತದೆ, ಪಥ್ಯವನ್ನು ನಾವೇ ಮಾಡಬೇಕು.

ತೊಳೆಯುವಾಗ: ಆರಿಸಿ, ಕೀಳಿ, ಕಾಯಿರಿ

ಈ ಮೂರು ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲು ಸ್ವಿಚ್ ಆರಿಸಿ. ನಂತರ ಪ್ಲಗ್ ಕೀಳಿ. ವೈರ್ ಹಿಡಿದು ಎಳೆಯದೆ ಪ್ಲಗ್ಗನ್ನೇ ಹಿಡಿಯಿರಿ. ಆಮೇಲೆ ಕನಿಷ್ಠ ಒಂದು ಗಂಟೆ ಕಾಯಿರಿ. ಊಟ ಮಾಡಿ, ಮಾತ್ರೆ ತೆಗೆದುಕೊಂಡು, ನಂತರ ತೊಳೆಯಲು ಬನ್ನಿ.

ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದರೆ ನರಗಳು ದುರ್ಬಲವಾಗಿ ಕಾಲಿನಲ್ಲಿ, ಕೆಲವರಿಗೆ ಕೈಯಲ್ಲೂ ಸ್ಪರ್ಶಜ್ಞಾನ ಕುಗ್ಗುತ್ತದೆ. ಅಂಥವರು ಮುಟ್ಟಿ ನೋಡಿ ಬಿಸಿ ತಿಳಿಯಲು ಹೋಗಬಾರದು. ಆರಿದೆಯೇ ಎಂದು ಮನೆಯ ಬೇರೆಯವರು ನೋಡಲಿ. ತೊಳೆಯುವ ಕೆಲಸವನ್ನೂ ಅವರೇ ಮಾಡಿದರೆ ಉತ್ತಮ.

1. ಕೆಳಗಿನ ತಟ್ಟೆಯ ಜಿಡ್ಡನ್ನು ಹಳೆಯ ಕಾಗದಕ್ಕೆ ಸುರಿದು ಕಸಕ್ಕೆ ಹಾಕಿ. ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ. ಅಲ್ಲಿಯೇ ಉಳಿಸಿದರೆ ಮುಂದಿನ ಸಲ ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು.

2. ಮೇಲಿನ ತಟ್ಟೆಯನ್ನು ಬಿಚ್ಚಲು ಬರುವಂತಿದ್ದರೆ ಅದನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆಯಿರಿ. ಕಾಯಿಲ್, ವೈರ್ ಇರುವ ಭಾಗವನ್ನು ನೀರಿನಲ್ಲಿ ಮುಳುಗಿಸಬೇಡಿ, ನಲ್ಲಿಯ ಕೆಳಗೂ ಹಿಡಿಯಬೇಡಿ. ಒಳಗೆ ಉಳಿದ ನೀರು ನಾಳೆ ಶಾಕ್ ಹೊಡೆಸುತ್ತದೆ. ಆ ಭಾಗವನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

3. ಅಂಟಿಕೊಂಡ ಕಲೆಯ ಮೇಲೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಾಲು ಗಂಟೆ ಹಾಸಿಡಿ. ನಂತರ ಮರದ ಸೌಟಿನಿಂದ ಮೆಲ್ಲಗೆ ಎಬ್ಬಿಸಿ. ನಾನ್‌ಸ್ಟಿಕ್ ತಟ್ಟೆಗೆ ಸ್ಟೀಲ್ ನಾರು, ಚಾಕು, ಬೂದಿ ಬೇಡ.

4. ಕಾದ ತಟ್ಟೆಯ ಮೇಲೆ ನೀರು ಸುರಿಯಬೇಡಿ. ಏಳುವ ಹಬೆ ಮುಖವನ್ನೇ ಸುಡುತ್ತದೆ.

5. ಎಲ್ಲ ಭಾಗಗಳೂ ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ.

ಅವಘಡವಾದರೆ

ಕೈ ಸುಟ್ಟರೆ: ಬಳೆ, ಉಂಗುರ ಕೂಡಲೇ ತೆಗೆಯಿರಿ, ಊದಿಕೊಂಡ ಮೇಲೆ ಅವು ಬರುವುದಿಲ್ಲ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಬನ್ನಿ. ಮಕ್ಕಳು, ವೃದ್ಧರು, ಸಕ್ಕರೆ ಕಾಯಿಲೆಯವರು ಸಣ್ಣ ಸುಟ್ಟಗಾಯವಾದರೂ ತೋರಿಸಲೇಬೇಕು.

ಶಾಕ್ ಹೊಡೆದರೆ: ಆ ವ್ಯಕ್ತಿಯನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಆಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರನ್ನು ದೂರ ತಳ್ಳಿ. 108ಕ್ಕೆ ಕರೆ ಮಾಡಿ. ಹೊರಗೆ ಸಣ್ಣ ಕಲೆ ಮಾತ್ರ ಕಂಡರೂ ಹೃದಯದ ಬಡಿತ ಏರುಪೇರಾಗಿರಬಹುದು.

ಜಿಡ್ಡಿಗೆ ಬೆಂಕಿ ಹತ್ತಿದರೆ: ನೀರು ಹಾಕಬೇಡಿ. ಕೈಗೆಟಕುವಂತಿದ್ದರೆ ಕರೆಂಟು ಆರಿಸಿ, ದೊಡ್ಡ ಲೋಹದ ಮುಚ್ಚಳ ಮುಚ್ಚಿ. ಬೆಂಕಿ ಹರಡುತ್ತಿದ್ದರೆ ಎಲ್ಲರೂ ಹೊರಗೆ ಬನ್ನಿ.

ಜೊತೆಗಿರುವವರಿಗೆ ಒಂದು ವಿನಂತಿ

ರೋಗಿಗೆ ಬಿಸಿಬಿಸಿ ಕೊಡಬೇಕೆಂಬ ಪ್ರೀತಿಯಿಂದ ಗ್ರಿಲ್, ಕರೆಂಟಿನ ಒಲೆ ಇವುಗಳನ್ನು ವಾರ್ಡಿಗೆ ತರಬೇಡಿ. ಇಲ್ಲಿ ಆಕ್ಸಿಜನ್ ಇರುತ್ತದೆ. ಆಕ್ಸಿಜನ್ ಹೆಚ್ಚಿದ್ದಲ್ಲಿ ಸಣ್ಣ ಕಿಡಿಯೂ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಮನೆಗೆ ಹೋಗುವ ಮುನ್ನ ಕೇಳಿಕೊಳ್ಳಿ

ನಮ್ಮ ಗ್ರಿಲ್ ಎಷ್ಟು ವಾಟಿನದು? ಯಾವ ಪ್ಲಗ್ಗಿಗೆ ಹಾಕಬೇಕು? ಒರೆಸುವ ಮುನ್ನ ಮಾಡಬೇಕಾದ ಮೂರು ಕೆಲಸ ಯಾವುವು? ಕೈ ಸುಟ್ಟರೆ ಎಷ್ಟು ಹೊತ್ತು ನೀರಿನ ಕೆಳಗೆ ಹಿಡಿಯಬೇಕು? ಇವಕ್ಕೆ ಉತ್ತರ ಬಂದರೆ ಪಾಠ ಮುಗಿಯಿತು. ಬರದಿದ್ದರೆ ಸಂಕೋಚಪಡದೆ ವಾರ್ಡಿನ ದಾದಿಯರನ್ನು ಕೇಳಿ. ಓದಲು ಬಾರದ ಹಿರಿಯರಿಗೆ ಇದನ್ನು ಓದಿ ಹೇಳಿ.