ಆಬರ್ನಿಗೆ ಹೊರಟವರಿಗೆ

ನನ್ನ ಬಹುಕಾಲದ ಮಿತ್ರರೊಬ್ಬರ ಮಗಳಿಗೆ ಅಮೆರಿಕದ ಅಲಬಾಮ ರಾಜ್ಯದ ಆಬರ್ನ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಪ್ರವೇಶ ದೊರೆತು, ಆಕೆಯನ್ನು ನೋಡಿಬರಲು ಬರುವ ಶರತ್ಕಾಲದಲ್ಲಿ ಪತ್ನೀಸಮೇತರಾಗಿ ಹೊರಡುವ ಸಂಕಲ್ಪ ಮಾಡಿರುವ ಅವರು, ಎರಡು ವರ್ಷಗಳ ಹಿಂದೆ ನನ್ನ ತಂಗಿಯ ಮಗನ ಬಿಡಾರದಲ್ಲಿ ಅಲ್ಲಿ ಮೂರು ವಾರ ಇದ್ದು ಬಂದ ನನ್ನನ್ನು, ನೋಡತಕ್ಕ ಸ್ಥಳಗಳ ಒಂದು ಪಟ್ಟಿ ಬರೆದುಕೊಡಿರೆಂದು ಕೇಳಿದರು. ಬರೆಯಲು ಕುಳಿತೆ, ಸ್ಥಳಗಳು ಅರ್ಧ ಹಾಳೆಗೆ ಮುಗಿದುಹೋದುವು. ಆದರೆ ಅಲ್ಲಿ ನಾನು ಕಂಡ ಒಂದು ಶನಿವಾರವು ಹಾಳೆಯೊಳಗೆ ಹಿಡಿಯಲೊಲ್ಲದೆ ಉಳಿಯಿತಾದ್ದರಿಂದ, ಪಟ್ಟಿಗೆ ಬದಲಾಗಿ ಈ ಪ್ರಬಂಧ. ವೀಸಾ, ವಿಮಾನ, ವಿಮೆ ಮೊದಲಾದುವನ್ನು ಅವರ ಮಗಳು ನನಗಿಂತ ಚೆನ್ನಾಗಿ ಬಲ್ಲಳು.

ಆಬರ್ನಿಗೆ ಹೋಗತಕ್ಕವರು ಇಳಿಯುವುದು ನೆರೆಯ ಜಾರ್ಜಿಯಾ ರಾಜ್ಯದ ಅಟ್ಲಾಂಟದಲ್ಲಿ; ಅಲ್ಲಿಂದ ನೈಋತ್ಯಕ್ಕೆ ಸುಮಾರು ನೂರ ಹತ್ತು ಮೈಲಿ. ದಾರಿಯುದ್ದಕ್ಕೂ ಪೈನ್ ಮರಗಳಲ್ಲದೆ ಬೇರೇನೂ ಇಲ್ಲ, ನಿದ್ರೆ ಮಾಡಿ. ಆದರೆ ನಿದ್ರೆಗೆ ಮುಂಚೆ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ಎರಡು ರಾಜ್ಯಗಳ ಗಡಿಯಲ್ಲಿ ಕಾಲವೇ ಬದಲಾಗುತ್ತದೆಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ವಿಮಾನನಿಲ್ದಾಣದಿಂದ ನಾವು ಹಿಡಿದ ಬಾಡಿಗೆ ವ್ಯಾನಿನವನು, ಸೀಟುಗಳು ತುಂಬುವವರೆಗೂ ಮುಕ್ಕಾಲು ಗಂಟೆ ನಮ್ಮನ್ನು ಕಾಯಿಸಿ, ಮೂರನೆಯ ಪೆಟ್ಟಿಗೆಗೆಂದು ಪ್ರತ್ಯೇಕ ಹಣ ಕಿತ್ತುಕೊಂಡು, ಐದು ಗಂಟೆಗೆ ತಲಪಿಸುವೆನೆಂದು ವಚನವಿತ್ತು ಅದರಂತೆಯೇ ತಲಪಿಸಿದನು. ಆದರೆ ಆ ಐದು ಗಂಟೆ ಅಟ್ಲಾಂಟದ್ದು. ಇಳಿಸಿದ ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ ಐದು ಪೆಟ್ಟಿಗೆಗಳ ನಡುವೆ, ಬೆವರಿಳಿಯುವ ಬಿಸಿಲಿನಲ್ಲಿ ನಿಂತು, ಕರೆದೊಯ್ಯಲು ಬಾರದ ಸೋದರಳಿಯನನ್ನು ಫೋನಿನಲ್ಲಿ ಗದರಿಕೊಂಡಾಗ, "ಮಾವ, ಇಲ್ಲಿ ಇನ್ನೂ ನಾಲ್ಕು ಗಂಟೆ, ನಾನು ಕ್ಲಾಸಿನಲ್ಲಿದ್ದೇನೆ" ಎಂದು ಅವನು ಪಿಸುಗುಟ್ಟಿದನು. ಸೆಪ್ಟೆಂಬರ್ ಕಳೆಯುವವರೆಗೂ ಅಲ್ಲಿನ ಸೆಕೆ ನಮ್ಮ ಮಂಗಳೂರಿನದಕ್ಕೆ ಕಡಮೆಯಿಲ್ಲ. ಅಕ್ಟೋಬರ್ ನಡುವಿನಲ್ಲಿ ಹೋಗುವುದು ಲೇಸು.

ಈ ಊರು ಆ ವಿದ್ಯಾಲಯವನ್ನೇ ನೆಚ್ಚಿಕೊಂಡಿದೆ. 1856ರಲ್ಲಿ ಗಂಡುಮಕ್ಕಳ ಕಾಲೇಜಾಗಿ ಆರಂಭವಾಗಿ, 1872ರಲ್ಲಿ ಸರ್ಕಾರದ ಕೃಷಿ ಮತ್ತು ಯಂತ್ರವಿದ್ಯೆಗಳ ಕಾಲೇಜಾಗಿ, 1960ರಲ್ಲಿ ಈಗಿನ ಹೆಸರನ್ನು ಪಡೆಯಿತು. ಹಳೆಯ ಕಟ್ಟಡ 1887ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಮರುವರ್ಷ ಎದ್ದುದು ಸ್ಯಾಮ್‌ಫರ್ಡ್ ಹಾಲ್ ಎಂಬ ಕೆಂಪಿಟ್ಟಿಗೆಯ ಸೌಧ. ಅದರ ಗಡಿಯಾರದ ಗೋಪುರವನ್ನು ಹುಲ್ಲಿನ ಮೇಲೆ ಕುಳಿತು ಒಂದು ಸಂಜೆ ನೋಡಿದರೆ ಸಾಕು. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ 76,000ಕ್ಕೆ ತುಸು ಹೆಚ್ಚು. ಊರ ನಡುವಿನ ಜೋರ್ಡನ್-ಹೇರ್ ಕ್ರೀಡಾಂಗಣದ ಆಸನಗಳು 88,000. ಮನೆಯಲ್ಲಿರುವವರಿಗಿಂತ ಜಗಲಿಯ ಮಣೆಗಳೇ ಹೆಚ್ಚೆಂದರೆ, ಮನೆ ಯಾರಿಗಾಗಿ ಕಟ್ಟಲ್ಪಟ್ಟಿತೆಂಬುದನ್ನು ಓದುಗರೇ ಊಹಿಸಬಹುದು.

ಆ ಕ್ರೀಡಾಂಗಣದಲ್ಲಿ ಆಡುವ ಫುಟ್‌ಬಾಲ್ ಎಂದರೆ ನಾವು ತಿಳಿದ ಕಾಲ್ಚೆಂಡಲ್ಲ. ಅಲ್ಲಿ ಚೆಂಡಿಗೆ ಕಾಲು ಸೋಕುವುದು ಅಪರೂಪ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ನಾಲ್ಕು ಸರದಿಗಳಲ್ಲಿ ಹತ್ತು ಗಜ ಮುಂದೊತ್ತಬೇಕು, ಒತ್ತಲಾರದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯನ್ನು ಬಲ್ಲವರಿಗೆ ಇದರ ರಸ ಬೇಗನೆ ಹತ್ತುತ್ತದೆ: ಗೆರೆ, ಗೆರೆಯಾಚೆಯ ಧೈರ್ಯ, ಹಿಡಿದು ಕೆಡವುವ ತೋಳುಗಳು. ಗಡಿಯಾರದ ಲೆಕ್ಕಕ್ಕೆ ಒಂದೇ ಗಂಟೆಯ ಆಟವು ಟೆಲಿವಿಷನ್ ಜಾಹೀರಾತುಗಳ ಕೃಪೆಯಿಂದ ಮೂರೂವರೆ ಗಂಟೆ ಎಳೆಯುತ್ತದೆ, ಮತ್ತು ಅದರಲ್ಲಿ ಬಹುಭಾಗ ಜನ ನಿಂತೇ ಇರುವುದರಿಂದ ನೀವೂ ನಿಂತಿರಬೇಕಾಗುತ್ತದೆ. ಆಟ ಶುರುವಾಗುವ ವೇಳೆಯನ್ನು ನಿಶ್ಚಯಿಸುವವರೂ ಟೆಲಿವಿಷನ್ನಿನವರೇ. ಬೆಳಗಿನ ಹನ್ನೊಂದೋ ಮಧ್ಯಾಹ್ನ ಎರಡೂವರೆಯೋ ರಾತ್ರಿಯ ಆಟವೋ ಎಂಬುದು ಹಲವು ವೇಳೆ ಹತ್ತು ಹನ್ನೆರಡು ದಿನ ಮುಂಚೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಆಟದ ಶನಿವಾರಕ್ಕೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದಿರಿ, ಮತ್ತು ಊರಿಗೆ ಗುರುವಾರವೇ ಸೇರಿಕೊಳ್ಳಿ. ಶುಕ್ರವಾರ ಬರುವವರ ಪಾಡು ಜಾತ್ರೆಯ ಮುನ್ನಾದಿನ ಉಡುಪಿಗೆ ಬಂದಿಳಿದವರ ಪಾಡು: ಹೋಟೆಲಿನವರು ಎರಡು ರಾತ್ರಿಗೆ ಕಡಮೆ ಕೊಠಡಿ ಕೊಡರು, ಬಾಡಿಗೆಯನ್ನು ಸಾಮಾನ್ಯ ದಿನಗಳ ಮೂರು ಪಾಲಿಗೆ ಏರಿಸಿರುತ್ತಾರೆ. ಮಕ್ಕಳ ಬಿಡಾರದಲ್ಲಿ ನೆಲದ ಮೇಲೆ ಮಲಗುವುದು ಇದಕ್ಕಿಂತ ಗೌರವಯುತ.

ಆ ಬಿಡಾರದ ವಿಷಯವೂ ಹೇಳಬೇಕು. ನನ್ನ ಸೋದರಳಿಯ ಇಬ್ಬರು ತೆಲುಗು ಹುಡುಗರೊಡನೆ ಮೂರು ಕೊಠಡಿಗಳ ಮನೆಯಲ್ಲಿದ್ದನು; ಮೂವರಿಗೂ ಸೇರಿ ಒಂದೇ ಕುಕ್ಕರು, ಒಂದೇ ಹಳೆಯ ಕಾರು, ಸಾರಿನ ಪುಡಿಯ ವಿಷಯದಲ್ಲಿ ಮಾತ್ರ ಎರಡು ಪಕ್ಷ. ಕಾರಿಲ್ಲದ ವಿದ್ಯಾರ್ಥಿಗೆ ಆಬರ್ನ್ ದ್ವೀಪದಂತೆ. ವಿಶ್ವವಿದ್ಯಾನಿಲಯದ ಟೈಗರ್ ಟ್ರಾನ್ಸಿಟ್ ಬಸ್ಸುಗಳು ತರಗತಿಗಳ ದಿನಗಳಲ್ಲಿ ಉಪಯುಕ್ತವೇ ಆದರೂ, ವಾರದ ಕೊನೆಯಲ್ಲಿ ಅವನ್ನು ನಂಬಿದವನು ಅಕ್ಕಿ ತರಲು ಹೋಗಿ ಹಸಿದು ಬರುತ್ತಾನೆ. ತಿಂಗಳಿಗೊಮ್ಮೆ ಹುಡುಗರು ಅಟ್ಲಾಂಟದ ಪಕ್ಕದ ಡೆಕೇಟರಿಗೆ ಹೋಗಿ ಬೇಳೆ, ಕರಿಬೇವು, ಹುಣಿಸೆಹಣ್ಣುಗಳನ್ನು ಹೊತ್ತು ತರುತ್ತಿದ್ದರು. ಮಿತ್ರರೇ, ಪೆಟ್ಟಿಗೆಯಲ್ಲಿ ಬಟ್ಟೆ ಕಡಮೆ ಮಾಡಿ ಸಾರಿನ ಪುಡಿ ತುಂಬಿ.

ಇನ್ನು ಶನಿವಾರ. ಮುಂಜಾನೆಯೇ ವಿದ್ಯಾಲಯದ ಹುಲ್ಲುಹಾಸುಗಳೆಲ್ಲ ಕಿತ್ತಳೆ ಮತ್ತು ಕಡುನೀಲಿಯ ಡೇರೆಗಳಿಂದ ತುಂಬಿ, ಡೇರೆಗಳ ಕೆಳಗೆ ಮಡಿಸುವ ಕುರ್ಚಿಗಳೂ ಒಲೆಗಳೂ, ವಿದ್ಯುಜ್ಜನಕಕ್ಕೆ ತಗುಲಿಸಿದ ಟೆಲಿವಿಷನ್ನುಗಳೂ ಹರಡಿದ್ದುವು. ಇದಕ್ಕೆ ಟೇಲ್‌ಗೇಟಿಂಗ್ ಎಂದು ಹೆಸರು. ಟಿಕೀಟು ಇಲ್ಲದವರೂ ಇದಕ್ಕಾಗಿಯೇ ಬರುತ್ತಾರೆ. ಯಾರದೋ ಡೇರೆಯ ಮುಂದೆ ನಾವು ಅಚ್ಚರಿಯಿಂದ ನಿಂತುದನ್ನು ಕಂಡ ಒಬ್ಬ ವೃದ್ಧರು, 1960ರ ದಶಕದಲ್ಲಿ ಅಲ್ಲಿಯೇ ಓದಿದವರಂತೆ, ನಮ್ಮನ್ನು ಕರೆದು ಕೂರಿಸಿ, ದೊಡ್ಡ ಹಂಡೆಯಿಂದ ಕಾಗದದ ಬಟ್ಟಲಿಗೆ ಸೌಟಿನಲ್ಲಿ ಮೊಗೆದು ಕೊಟ್ಟುದೇನು? ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ! ಸಿಪ್ಪೆಯನ್ನು ಹಲ್ಲಿನಿಂದ ಬಿರಿದು, ಒಳಗಿನ ಉಪ್ಪುರಸವನ್ನು ಮೊದಲು ಹೀರಿ, ಆಮೇಲೆ ಬೀಜವನ್ನು ತಿನ್ನುವ ಕ್ರಮವನ್ನು ಅವರು ನಮಗೆ ಕಲಿಸಲು ತೊಡಗುವುದರೊಳಗೆ ನನ್ನ ಮನೆಯವರು ಅರ್ಧ ಬಟ್ಟಲು ಮುಗಿಸಿದ್ದರು. "ಬಸವನಗುಡಿಯ ಪರಿಷೆಯಲ್ಲಿ ಇದಕ್ಕಿಂತ ಉಪ್ಪು ಕಡಮೆ" ಎಂಬುದಷ್ಟೆ ಆಕೆಯ ವಿಮರ್ಶೆ. ಆ ನಾಡಿನಲ್ಲಿ ಇದು ರಸ್ತೆಬದಿಯಲ್ಲಿಯೂ ದೊರೆಯುತ್ತದೆ, ತಪ್ಪಿಸಬೇಡಿ. ಮೆಕ್ಕೆಜೋಳದ ನುಚ್ಚಿನ ಗಂಜಿಯಂತಿರುವ ಗ್ರಿಟ್ಸ್, ಹುರಿದ ಬೆಂಡೆಕಾಯಿ ಇವೂ ನಮ್ಮ ಬಾಯಿಗೆ ಒಗ್ಗುತ್ತವೆ. ಆದರೆ ಬೇಯಿಸಿದ ಸೊಪ್ಪೆಂದು ಶಾಕಾಹಾರಿಗಳು ಮೋಸಹೋಗಬಾರದು. ಕಾಲರ್ಡ್ ಎಂಬ ಆ ಸೊಪ್ಪನ್ನು ಸಾಮಾನ್ಯವಾಗಿ ಹಂದಿಯ ಮಾಂಸದೊಡನೆಯೇ ಬೇಯಿಸುವುದು ಅಲ್ಲಿನ ವಾಡಿಕೆ. ಕೇಳಿಯೇ ತಿನ್ನಿ.

ಆ ವೃದ್ಧರು ಹೇಳಿದ ಕಥೆಗಳಲ್ಲಿ ಒಂದು ಇಡೀ ಊರಿಗೆ ಪ್ರಿಯವಾದುದು. 1896ರಲ್ಲಿ ಜಾರ್ಜಿಯಾ ಟೆಕ್ ತಂಡದವರು ರೈಲಿನಲ್ಲಿ ಆಟಕ್ಕೆ ಬರುವ ಹಿಂದಿನ ರಾತ್ರಿ ಆಬರ್ನಿನ ವಿದ್ಯಾರ್ಥಿಗಳು ಹಾಸ್ಟೆಲುಗಳಿಂದ ಕದ್ದು ಹೊರಟು ಹಳಿಗಳಿಗೆ ಕೊಬ್ಬು ಬಳಿದುಬಿಟ್ಟರಂತೆ. ರೈಲು ನಿಲ್ದಾಣದಲ್ಲಿ ನಿಲ್ಲಲಾರದೆ ಜಾರಿಕೊಂಡು ಮೈಲಿಗಳಾಚೆ ಹೋಗಿ ನಿಂತಿತಂತೆ. ಆಟಗಾರರು ಸಾಮಾನು ಹೊತ್ತು ನಡೆದು ಬಂದು ದಣಿದು 45–0ರಿಂದ ಸೋತರಂತೆ. ರಾತ್ರಿಯುಡುಪಿನಲ್ಲಿ ನಡೆದ ಆ ಕಳ್ಳತನವನ್ನು ನೆನೆದು ಪಾಯಿಜಾಮಾ ಧರಿಸಿ ಮೆರವಣಿಗೆ ಮಾಡುವ ಸಂಪ್ರದಾಯವೂ ಉಂಟಾಯಿತು. ಅದೇ 1896ರಲ್ಲಿ, ಅಲ್ಲಿಂದ ಇಪ್ಪತ್ತು ಮೈಲಿಯಾಚೆಯ ಟಸ್ಕೀಗಿಗೆ, ಗುಲಾಮಗಿರಿಯಲ್ಲಿ ಜನಿಸಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಸಸ್ಯವಿಜ್ಞಾನಿ ಅಧ್ಯಾಪಕನಾಗಿ ಬಂದು, ಹತ್ತಿಯಿಂದ ಸಾರ ಕಳೆದುಕೊಂಡ ನೆಲದಲ್ಲಿ ಕಡಲೆಕಾಯಿ ಬೆಳೆಯಿರೆಂದು ಬಡ ಕರಿಯ ರೈತರಿಗೆ ಬೋಧಿಸತೊಡಗಿದನು. ಆಬರ್ನಿನ ತರಗತಿಗೆ ಮೊದಲ ಕರಿಯ ವಿದ್ಯಾರ್ಥಿ ಹೆರಾಲ್ಡ್ ಫ್ರಾಂಕ್ಲಿನ್ ಕಾಲಿಟ್ಟುದು 1964ರಲ್ಲಿ. ಇದನ್ನು ಡೇರೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ಟಸ್ಕೀಗಿಗೆ ಹೋಗಿಬಂದ ಮೇಲೆ ನಾನಾಗಿ ಕೇಳಿ ತಿಳಿದುಕೊಂಡೆ. ಬೂಕರ್ ವಾಷಿಂಗ್ಟನ್ ಎಂಬವರು 1881ರಲ್ಲಿ ಸ್ಥಾಪಿಸಿದ ಅಲ್ಲಿನ ವಿದ್ಯಾಸಂಸ್ಥೆಯ ಇಟ್ಟಿಗೆಗಳನ್ನು ವಿದ್ಯಾರ್ಥಿಗಳೇ ಸುಟ್ಟು ಗೋಡೆ ಎಬ್ಬಿಸಿದರು. ಒಂದು ಹಗಲನ್ನು ಪೂರ್ತಿಯಾಗಿ ಅಲ್ಲಿಗೆಂದು ಮೀಸಲಿಡಿ.

ಆಟಕ್ಕೆ ಎರಡು ಗಂಟೆ ಮುಂಚೆ ಆಟಗಾರರು ಜನಸಂದಣಿಯ ನಡುವೆ ಬೀದಿಯಲ್ಲಿ ನಡೆದು ಕ್ರೀಡಾಂಗಣವನ್ನು ಸೇರುವ ಟೈಗರ್ ವಾಕ್ ಎಂಬುದುಂಟು. ಮುಂದಿನ ಸಾಲಿನಲ್ಲಿ ನಿಂತರೆ ಮಾತ್ರ ಸಾರ್ಥಕ, ಹಿಂದೆ ನಿಂತ ನನಗೆ ಕಂಡುದು ಟೋಪಿಗಳು. ಬಾಗಿಲಲ್ಲಿ ನಮಗೆ ಇನ್ನೊಂದು ವಿಘ್ನ. ಪಾರದರ್ಶಕವಾದ ಪ್ಲಾಸ್ಟಿಕ್ ಚೀಲವಲ್ಲದೆ ಬೇರೆ ಕೈಚೀಲಗಳನ್ನು ಒಳಗೆ ಬಿಡುವುದಿಲ್ಲ. ನಮ್ಮ ಮನೆಯವರ ಬಟ್ಟೆಚೀಲವನ್ನೂ, ಅದರೊಳಗಿನ ಚಕ್ಕುಲಿಯ ಡಬ್ಬಿಯನ್ನೂ ಹಿಂದಿರುಗಿ ಕಾರಿನಲ್ಲಿಟ್ಟು ಬರಲು ಒಂದೂವರೆ ಮೈಲಿ ನಡೆದೆವು, ಏಕೆಂದರೆ ಅಂದು ಕಾರು ನಿಲ್ಲಿಸಲು ಸ್ಥಳ ದೊರೆತುದು ಅಷ್ಟು ದೂರದಲ್ಲಿ.

ಆದರೂ ಆ ನಡೆದ ಆಯಾಸವೆಲ್ಲ ಒಂದು ಕ್ಷಣದಲ್ಲಿ ಹೋಯಿತು. ತಂಡದ ಹೆಸರು ಹುಲಿಗಳೆಂದಿದ್ದರೂ ಜಯಘೋಷ "ವಾರ್ ಈಗಲ್" ಎಂದು, ಅಂದರೆ ಯುದ್ಧದ ಗರುಡ. ಇದೇಕೆಂದು ಕೇಳಿದರೆ ಹತ್ತು ಜನ ಹತ್ತು ಕಥೆ ಹೇಳುತ್ತಾರೆ. ಆಟಕ್ಕೆ ಮುನ್ನ ಕ್ರೀಡಾಂಗಣದ ಎತ್ತರದಿಂದ ಒಂದು ಹದ್ದನ್ನು, ಅಲ್ಲಿನ ಪಶುವೈದ್ಯ ಕಾಲೇಜಿನ ಪಕ್ಷಿಕೇಂದ್ರದವರು ಸಾಕಿ ಪಳಗಿಸಿದುದನ್ನು, ಹಾರಬಿಡುತ್ತಾರೆ. ಆ ಸಹಸ್ರಸಹಸ್ರ ಕಂಠಗಳು "ವಾ..." ಎಂಬ ಒಂದೇ ಸ್ವರವನ್ನು ಹಿಡಿದು ಎಳೆಯುತ್ತಿರಲು, ಹದ್ದು ರೆಕ್ಕೆ ಬಡಿಯದೆ ಹಾಸಿಕೊಂಡು ಒಂದು ಸುತ್ತು, ಎರಡು ಸುತ್ತು ತೇಲಿ, ನಡುಮೈದಾನಕ್ಕೆ ಇಳಿದ ಕೂಡಲೆ "ಈಗಲ್, ಹೇ!" ಎಂದು ಸಿಡಿಲೆದ್ದಿತು. ತೇರಿನ ದಿನ ಮಧ್ಯಾಹ್ನದ ಬಿಸಿಲಿನಲ್ಲಿ, ಗರುಡ ಬಂದು ಪ್ರದಕ್ಷಿಣೆ ಹಾಕಿದ ಹೊರತು ಮಿಣಿಗೆ ಕೈ ಹಚ್ಚುವುದಿಲ್ಲವೆಂದು ಆಕಾಶ ನೋಡುತ್ತ ನಿಂತ ನಮ್ಮೂರಿನ ಜನರ ನಡುವೆ, ತಂದೆಯ ಹೆಗಲ ಮೇಲೆ ಕುಳಿತು ನಾನೂ ಆಕಾಶ ನೋಡಿದ್ದೆನು. ನನ್ನ ಮನೆಯವರು ಅಭ್ಯಾಸಬಲದಿಂದ ಕೈಮುಗಿದರು. ಪಕ್ಕದ ಹುಡುಗಿಯೊಬ್ಬಳು ಅದೂ ಒಂದು ಪದ್ಧತಿಯಿರಬೇಕೆಂದು ತಾನೂ ಮುಗಿದಳು. ಅಂದಿನ ಎದುರಾಳಿಗಳು ಯಾರೆಂಬುದನ್ನು ಈಗ ಮರೆತಿದ್ದೇನೆ. ನಿಮ್ಮ ಟಿಕೀಟಿನಲ್ಲಿ ಯಾವ ವೇಳೆಯಿದ್ದರೂ ಅರ್ಧ ಗಂಟೆ ಮುಂಚೆ ಒಳಗಿರಿ. ಅಲಬಾಮ ವಿಶ್ವವಿದ್ಯಾನಿಲಯದೊಡನೆ ನಡೆಯುವ ಐರನ್ ಬೌಲ್ ಪಂದ್ಯಕ್ಕೆ ಮಾತ್ರ ಮೊದಲ ಸಲ ಹೋಗುವವರು ಆಸೆಪಡಬಾರದು. ಬೆಸಸಂಖ್ಯೆಯ ವರ್ಷಗಳಲ್ಲಿ ಅದು ಆಬರ್ನಿನಲ್ಲಿ ನಡೆಯುವಾಗ ಟಿಕೀಟಿನ ಬೆಲೆ ಕೇಳಿದರೆ ಎದೆ ಹಾರುತ್ತದೆ. 2013ರ ನವೆಂಬರ್ 30ರಂದು, ಒಂದೇ ಸೆಕೆಂಡು ಉಳಿದಿರಲು, ಗುರಿಮುಟ್ಟದೆ ಬಿದ್ದ ಎದುರಾಳಿಯ ಒದೆತವನ್ನು ಹಿಡಿದು ಕ್ರಿಸ್ ಡೇವಿಸ್ ಎಂಬಾತ ನೂರು ಗಜಕ್ಕೂ ಮಿಕ್ಕು ಓಡಿ 34–28ರಿಂದ ಗೆಲ್ಲಿಸಿದ ಸಂಗತಿಯನ್ನು, ನಾವಿದ್ದ ಮೂರು ವಾರಗಳಲ್ಲಿ ನನಗೆ ಐವರು ಅಭಿನಯಸಹಿತವಾಗಿ ತೋರಿಸಿದರು.

ಗೆದ್ದ ದಿನ ಜನವೆಲ್ಲ ಟೂಮರ್ಸ್ ಕಾರ್ನರ್ ಎಂಬ ಚೌಕಕ್ಕೆ ನುಗ್ಗಿ, ಅಲ್ಲಿನ ಓಕ್ ಮರಗಳ ಮೇಲೆ ಶೌಚಾಲಯದ ಕಾಗದದ ಸುರುಳಿಗಳನ್ನು ಎಸೆಯುತ್ತಾರೆ. ಆ ಕಾಗದಕ್ಕೆ ನಾನು ಒಪ್ಪಬಹುದಾದ ಉಪಯೋಗ ಅಮೆರಿಕದಲ್ಲಿ ಇದೊಂದೇ. ಬೀದಿದೀಪದ ಬೆಳಕಿನಲ್ಲಿ ಬಿಳಿಯ ಪಟ್ಟಿಗಳು ಕೊಂಬೆಕೊಂಬೆಯಿಂದ ಇಳಿಬಿದ್ದು, ವಾರವೆಲ್ಲ ಪ್ರಯೋಗಶಾಲೆಯಲ್ಲಿ ಮಾತಿಲ್ಲದೆ ದುಡಿಯುವ ನನ್ನ ಸೋದರಳಿಯನೂ ಅಪರಿಚಿತರ ಹೆಗಲ ಮೇಲೆ ಕೈಹಾಕಿ ಕುಣಿಯುತ್ತಿದ್ದನು. ಮೊದಲಿದ್ದ ಎರಡು ಮುದಿ ಓಕ್ ಮರಗಳಿಗೆ 2010ರ ಐರನ್ ಬೌಲ್ ಪಂದ್ಯದ ಸೋಲನ್ನು ಸಹಿಸದ ಅಲಬಾಮದ ಅಭಿಮಾನಿಯೊಬ್ಬನು ಕಳೆನಾಶಕವನ್ನು ಸುರಿದು, ತಾನೇ ರೇಡಿಯೋದಲ್ಲಿ ಆಡಿಕೊಂಡು ಸಿಕ್ಕಿಬಿದ್ದನು. ಉಳಿಸಲು ಮಾಡಿದ ಪ್ರಯತ್ನಗಳೆಲ್ಲ ವ್ಯರ್ಥವಾಗಿ 2013ರ ಏಪ್ರಿಲಿನಲ್ಲಿ ಅವನ್ನು ಕಡಿದರು. 2015ರಲ್ಲಿ ನೆಟ್ಟ ಮರಗಳಲ್ಲೊಂದರ ಮೇಲಿನ ಕಾಗದಕ್ಕೆ ಮರುವರ್ಷವೇ ಮತ್ತೊಬ್ಬನು ಬೆಂಕಿಯಿಟ್ಟನು; ಪುನಃ ನೆಟ್ಟರು. ಅಶ್ವತ್ಥಕಟ್ಟೆಯ ಮರಕ್ಕೆ ಕೊಡಲಿ ಹಾಕಿದವನ ವಿಷಯವನ್ನು ನಮ್ಮ ಹಳ್ಳಿಯವರು ಹೇಗೆ ತಗ್ಗಿದ ದನಿಯಲ್ಲಿ ಹೇಳುವರೋ, ಹಾಗೆಯೇ ಆ ವೃದ್ಧರೂ ಇದನ್ನು ಹೇಳಿದರು. ಚೌಕದ ಹಳೆಯ ಟೂಮರ್ಸ್ ಅಂಗಡಿಯ ನಿಂಬೆಪಾನಕವನ್ನು ಎಲ್ಲರೂ ಹೊಗಳುತ್ತಾರೆ. ಸಕ್ಕರೆ ಹೆಚ್ಚು, ಏಲಕ್ಕಿ ಇಲ್ಲ, ಆದರೂ ಕುಡಿಯಿರಿ.

ಭಾನುವಾರ ನೋಡಲು ಏನೂ ಇಲ್ಲ. ಅರ್ಧ ಊರು ಚರ್ಚಿನಲ್ಲಿ, ಅರ್ಧ ಊರು ಹಾಸಿಗೆಯಲ್ಲಿ. ಕಾಗದ ತೆಗೆಯುವವರು ಮಾತ್ರ ಮರದ ಕೆಳಗೆ. ಮಗಳೊಡನೆ ಕುಳಿತು ಮಾತನಾಡಬೇಕೆಂದರೆ ಅಂದು ಬೆಳಗ್ಗೆ ಊರ ದಕ್ಷಿಣದ ಚಿವಾಕ್ಲ ಉದ್ಯಾನಕ್ಕೆ ಹೋಗಿ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ. ಹಿಂದಿರುಗುವ ದಿನ ಮಾತ್ರ ಎಚ್ಚರ: ವಿಮಾನದ ಟಿಕೀಟಿನಲ್ಲಿ ಬರೆದಿರುವುದು ಅಟ್ಲಾಂಟದ ವೇಳೆ, ಮತ್ತು ಬರುವಾಗ ಲಾಭವೆನಿಸಿದ ಆ ಒಂದು ಗಂಟೆಯನ್ನು ಗಡಿಯಲ್ಲಿ ವಾಪಸು ಕೊಡಬೇಕಾಗುತ್ತದೆ. ನಾವು ಅದನ್ನು ನೆನಪಿಟ್ಟುಕೊಂಡಿದ್ದರೂ ವ್ಯಾನಿನವನು ಮತ್ತೆ ಮುಕ್ಕಾಲು ಗಂಟೆ ಕಾಯಿಸಿದನು.