ಕಚೇರಿಯ ನಾದ, ಮುದ್ರಿಕೆಯ ನಾದ

ಬೇಕಾದ ವಿದ್ವಾಂಸರ ಗಾಯನವನ್ನು ಬೇಕಾದಾಗ ಮನೆಯಲ್ಲಿಯೇ ಕೇಳುವ ಅನುಕೂಲವಿರುವಾಗ, ಟಿಕೀಟು ಕೊಂಡು, ಗಟ್ಟಿ ಕುರ್ಚಿಯ ಮೇಲೆ ಮೂರು ಗಂಟೆ ಕುಳಿತುಕೊಳ್ಳುವುದೇತಕ್ಕೆ? ವಿದ್ಯಾರ್ಥಿಗಳ ಈ ಪ್ರಶ್ನೆಗೆ ‘ಅದರ ಸೊಗಸೇ ಬೇರೆ’ ಎಂದು ಹಿರಿಯರು ಹೇಳುವುದುಂಟು. ವಿಜ್ಞಾನಕ್ಕೆ ಅಷ್ಟರಿಂದ ತೃಪ್ತಿಯಾಗದು. ಬೇರೆಯಾದುದು ಏನೆಂಬುದನ್ನು ವಿಚಾರಮಾಡಿ ನೋಡೋಣ.

ಮೊದಲು ಮುದ್ರಿಕೆಗೆ ನ್ಯಾಯ ಸಲ್ಲಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ತುತ್ತೂರಿಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಾಗಿತ್ತು; ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ. ಆ ಕೊರತೆಗಳೆಲ್ಲ ಎಂದೋ ನೀಗಿವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಪ್ರತಿ ಸೆಕೆಂಡಿಗೆ 44,100 ಅಳತೆಗಳಿವೆ. ಮನುಷ್ಯನ ಕಿವಿಗೆ ಎಟುಕುವ ಕಂಪನಗಳೆಲ್ಲ ಅದರಲ್ಲಿ ಅಡಗುತ್ತವೆ. ಆದುದರಿಂದ ಸ್ವರಶುದ್ಧಿಯಲ್ಲಿ ಕಚೇರಿಯೇ ಮೇಲೆಂದು ವಾದಿಸುವುದು ವ್ಯರ್ಥ. ಪಕ್ಕದವರ ಕೆಮ್ಮಂತೂ ಮುದ್ರಿಕೆಯಲ್ಲಿಲ್ಲ!

ವ್ಯತ್ಯಾಸವಿರುವುದು ನಾದವು ಬರುವ ದಿಕ್ಕುಗಳಲ್ಲಿ. ಸಭಾಂಗಣದಲ್ಲಿ ವೀಣೆಯ ಧ್ವನಿಯು ನೇರವಾಗಿ ನಮ್ಮನ್ನು ತಲಪುವುದರ ಜೊತೆಗೆ, ಗೋಡೆ ಮಾಡುಗಳಿಗೆ ತಾಗಿ ಪ್ರತಿಫಲಿಸಿಯೂ ಬರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಹತ್ತು ಮೀಟರು ಹೆಚ್ಚು ದೂರ ಸುತ್ತಿ ಬಂದ ಅಲೆ ಸೆಕೆಂಡಿನ ಮೂವತ್ತನೆಯ ಒಂದು ಪಾಲಿನಷ್ಟು ಮಾತ್ರ ತಡವಾಗುತ್ತದೆ. ಇಷ್ಟು ಸಣ್ಣ ಅಂತರವನ್ನು ಕಿವಿ ಪ್ರತಿಧ್ವನಿಯೆಂದು ಎಣಿಸದೆ ಮೂಲನಾದದಲ್ಲಿ ಬೆರೆಸಿಕೊಳ್ಳುತ್ತದೆ. ಪಕ್ಕದ ಗೋಡೆಗಳಿಂದ ಬಂದ ಅಲೆಗಳು ಎರಡು ಕಿವಿಗಳಿಗೂ ಒಂದೇ ಸಮನಾಗಿ ಮುಟ್ಟುವುದಿಲ್ಲವಾಗಿ, ನಾದವು ನಮ್ಮನ್ನು ಸುತ್ತುವರಿದಂತೆ ಭಾಸವಾಗುತ್ತದೆ.

ಈ ವಿಷಯದಲ್ಲಿ ಮೊದಲು ಅಳತೆ ಹಿಡಿದವನು ಅಮೆರಿಕದ ಹಾರ್ವರ್ಡಿನ ತರುಣ ಅಧ್ಯಾಪಕ ವ್ಯಾಲೇಸ್ ಸೇಬಿನ್. ಅಲ್ಲಿಯ ಹೊಸ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಅನುರಣಿಸಿ ಮುಂದಿನ ಮಾತನ್ನು ನುಂಗುತ್ತಿತ್ತು. ಪರಿಹಾರ ಹುಡುಕುವ ಕೆಲಸ 1895ರಲ್ಲಿ ಸೇಬಿನ್ನನ ಪಾಲಿಗೆ ಬಂತು. ನೆರೆಯ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆಯನ್ನು ಊದಿಸಿ, ನಾದ ಅಡಗುವ ಕಾಲವನ್ನು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಕ್ಕೆ ಸಾಗಿಸುತ್ತಿದ್ದನು. ಮೆತ್ತೆಗಳಂತೆಯೇ ಶ್ರೋತೃಗಳ ಮೈಯೂ ಬಟ್ಟೆಯೂ ನಾದವನ್ನು ಹೀರುತ್ತವೆಂದು ಆತ ಅಳೆದು ತೋರಿಸಿದನು. ಕಚೇರಿಗೆ ಹೋದವನು ತನಗರಿಯದೆಯೇ ಅಲ್ಲಿಯ ನಾದವನ್ನು ತಿದ್ದುತ್ತಾನೆ. ಆತನ ಸೂತ್ರಕ್ಕನುಸಾರವಾಗಿ ಕಟ್ಟಿದ ಬಾಸ್ಟನ್ನಿನ ಸಿಂಫೊನಿ ಹಾಲ್ 1900ರಲ್ಲಿ ತೆರೆಯಿತು. ಇಂದಿಗೂ ಅದು ಪ್ರಸಿದ್ಧ.

ಮನೆಯಲ್ಲಾದರೋ, ಎಲ್ಲ ದಿಕ್ಕಿನ ಅಲೆಗಳೂ ಎದುರಿನ ಎರಡು ಪೆಟ್ಟಿಗೆಗಳಿಂದಲೇ ಹೊರಡಬೇಕು. ಅವಕ್ಕೆ ನಮ್ಮ ಕೋಣೆಯ ಅನುರಣನವೂ ಸೇರುತ್ತದೆ.

ಇನ್ನೊಂದು ಅಂಶವನ್ನು ಯಂತ್ರದಿಂದ ಅಳೆಯಲಾಗದು. ನಮ್ಮ ಸಂಗೀತದಲ್ಲಿ ನೆರವಲು, ಕಲ್ಪನಾಸ್ವರಗಳು ವೇದಿಕೆಯ ಮೇಲೆಯೇ ಹುಟ್ಟುತ್ತವೆ. ಮುಂದಿನ ಸಾಲಿನವರು ತಾಳ ಹಾಕುತ್ತ ತಲೆದೂಗಿದರೆ ಗಾಯಕನು ಇನ್ನೊಂದು ಆವರ್ತ ಬೆಳೆಸುತ್ತಾನೆ. ಮುದ್ರಿಕೆಯು ನಮ್ಮನ್ನು ಕೇಳಿಸಿಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಹಿಮಾತನ್ನೂ ಹೇಳಬೇಕು. ಈಚಿನ ಎಷ್ಟೋ ಕಚೇರಿಗಳಲ್ಲಿ ಧ್ವನಿವರ್ಧಕಗಳ ಅಬ್ಬರದಲ್ಲಿ ಮೂಲನಾದವೇ ಮುಚ್ಚಿಹೋಗುತ್ತದೆ. ಅಲ್ಲಿಯೂ ನಾವು ಕೇಳುವುದು ಪೆಟ್ಟಿಗೆಗಳನ್ನೇ. ಸಂದೇಹವಿದ್ದವರು ಪರೀಕ್ಷಿಸಬಹುದು: ಧ್ವನಿವರ್ಧಕವಿಲ್ಲದ ಚಿಕ್ಕ ಸಭೆಯಲ್ಲಿ ಕಣ್ಣು ಮುಚ್ಚಿ, ತಂಬೂರಿ ಎಲ್ಲಿದೆಯೆಂದು ಬೆರಳಿನಿಂದ ತೋರಿಸಿರಿ. ದೊಡ್ಡ ಸಭಾಂಗಣದಲ್ಲಿಯೂ ಹಾಗೆಯೇ ಮಾಡಿ, ಕಣ್ಣು ತೆರೆದು ಬೆರಳು ಯಾವುದರ ಕಡೆಗಿದೆಯೆಂದು ನೋಡಿರಿ.