ಅಪ್‌ಗ್ರೇಡ್ ಆದ್ಮೇಲೆ ಸಾಫ್ಟ್‌ವೇರ್ ಕಾಣ್ತಿಲ್ವಾ? ಫಾರ್ಮ್ಯಾಟ್ ಮಾಡೋ ಮೊದಲು ಇದನ್ನು ಓದಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಮುಗಿಯಿತು. ನಮ್ಮಲ್ಲಿ ಎಷ್ಟೋ ಜನ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಕೊಂಡಿದ್ದೇವೆ. ಲಿನಕ್ಸ್ ಬಳಸುವವರು ಉಬುಂಟು 22.04 ಬಿಟ್ಟು 24.04ಕ್ಕೆ ಹೋಗಿದ್ದೇವೆ. ಹೊಸ ಡೆಸ್ಕ್‌ಟಾಪ್ ಬಂದಾಗ ಖುಷಿಯೇ. ಆದರೆ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ತೆರೆಯೋಕೆ ಹೋದರೆ ಮೈಎಸ್‌ಕ್ಯೂಎಲ್ ನಾಪತ್ತೆ, ಪೈಥಾನ್ ಓಡಿಸಿದರೆ ಸಾಲು ಸಾಲು ಎರರ್. ನಾಡಿದ್ದು ರಿವ್ಯೂ ಬೇರೆ ಇರುತ್ತೆ.

ಆಗ ಹಾಸ್ಟೆಲ್‌ನಲ್ಲಿ ಸಿಗುವ ಮೊದಲ ಸಲಹೆ ಒಂದೇ: "ಫಾರ್ಮ್ಯಾಟ್ ಹೊಡಿ ಮಗಾ, ಎಲ್ಲಾ ಫ್ರೆಶ್ ಆಗಿ ಹಾಕೋಣ." ಈ ಸಲಹೆಯನ್ನು ಯಾಕೆ ತಕ್ಷಣ ಕೇಳಬಾರದು ಅನ್ನೋದೇ ಈ ಲೇಖನದ ವಿಷಯ. ಕಳೆದುಹೋಯ್ತು ಅಂದುಕೊಂಡಿದ್ದು ಬಹಳ ಸಲ ಡಿಸ್ಕ್‌ನಲ್ಲೇ ಇರುತ್ತೆ. ಫಾರ್ಮ್ಯಾಟ್ ಮಾಡಿದ ಮೇಲೆ ಮಾತ್ರ ಅದು ನಿಜವಾಗಿ ಹೋಗುತ್ತೆ.

(ಕಮ್ಯಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

1. ಮೊದಲು ಪತ್ತೆ: ಹೋಗಿದ್ದು ಏನು?

ಒಂದು ಪ್ರೋಗ್ರಾಂ ಅಂದರೆ ಒಂದೇ ಫೈಲ್ ಅಲ್ಲ. ಅದರ ಫೈಲ್‌ಗಳು ಒಂದು ಕಡೆ, ಅದನ್ನು ಹುಡುಕುವ ದಾರಿ (ಶಾರ್ಟ್‌ಕಟ್, ಪಾತ್ ವೇರಿಯೆಬಲ್) ಇನ್ನೊಂದು ಕಡೆ, ಅದಕ್ಕೆ ಬೇಕಾದ ಲೈಬ್ರರಿಗಳು ಮತ್ತೊಂದು ಕಡೆ ಇರುತ್ತವೆ. ಅದರಲ್ಲಿ ನಾವು ಮಾಡಿದ ಕೆಲಸ ಬೇರೆಯೇ ಫೋಲ್ಡರ್‌ನಲ್ಲಿ ಇರುತ್ತೆ. ಹಾಗಾಗಿ "ಪ್ರೋಗ್ರಾಂ ಹೋಯ್ತು" ಅನ್ನೋದಕ್ಕೆ ಮೂರು ಅರ್ಥಗಳಿವೆ.

ಅ) ಪ್ರೋಗ್ರಾಂ ಇದೆ, ದಾರಿ ತಪ್ಪಿದೆ.
ಆ) ಪ್ರೋಗ್ರಾಂ ಇದೆ, ಅದು ನಂಬಿಕೊಂಡಿದ್ದ ಲೈಬ್ರರಿ ಅಥವಾ ಸಿಸ್ಟಂ ಬದಲಾಗಿದೆ.
ಇ) ಪ್ರೋಗ್ರಾಂ ನಿಜವಾಗಿಯೂ ತೆಗೆದುಹಾಕಲ್ಪಟ್ಟಿದೆ.

(ಅ)ಗೆ ಒಳ್ಳೇ ಉದಾಹರಣೆ ವಿಂಡೋಸ್‌ನಲ್ಲಿ ಪೈಥಾನ್. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಅಂತ ಕೊಟ್ಟರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಪೈಥಾನ್ ಇಲ್ಲ ಅಂತಲೇ ಅರ್ಥ ಅಲ್ಲ. ಸ್ಟೋರ್‌ಗೆ ಕರೆದುಕೊಂಡು ಹೋಗುವ ಒಂದು ಅಲಿಯಾಸ್ ಮೊದಲು ಸಿಕ್ಕಿದೆ, ಅಷ್ಟೇ. 'ವೇರ್ ಪೈಥಾನ್' ಅಂತ ಕೊಟ್ಟು ನೋಡಿ. ಹಳೇ ಪೈಥಾನ್‌ನ ವಿಳಾಸ ಪಟ್ಟಿಯಲ್ಲಿ ಕೆಳಗೆ ಇದ್ದರೆ, ಸೆಟ್ಟಿಂಗ್ಸ್‌ನಲ್ಲಿ ಆಪ್ ಎಕ್ಸಿಕ್ಯೂಷನ್ ಅಲಿಯಾಸ್ ಹುಡುಕಿ ಪೈಥಾನ್‌ದನ್ನು ಆಫ್ ಮಾಡಿದರೆ ಸಾಕು. ಪಟ್ಟಿಯಲ್ಲೇ ಇಲ್ಲದಿದ್ದರೆ ಅದು ಇನ್‌ಸ್ಟಾಲ್ ಆಗಿದ್ದ ಫೋಲ್ಡರ್ ಹುಡುಕಿ ಪಾತ್‌ಗೆ ಸೇರಿಸಿ. ಐದು ನಿಮಿಷದ ಕೆಲಸ.

2. ವಿಂಡೋಸ್: ಹತ್ತು ದಿನದ ಲೆಕ್ಕ

ವಿಂಡೋಸ್ 11ರ ಸೆಟಪ್ ಮೂರು ಆಯ್ಕೆ ಕೊಡುತ್ತೆ: ಫೈಲ್ ಮತ್ತು ಆಪ್ ಎರಡೂ ಇರಲಿ, ಫೈಲ್ ಮಾತ್ರ ಇರಲಿ, ಏನೂ ಬೇಡ. ಎರಡನೆಯದನ್ನು ಒತ್ತಿದರೆ ಡಾಕ್ಯುಮೆಂಟ್ಸ್ ಉಳಿಯುತ್ತೆ, ಇನ್‌ಸ್ಟಾಲ್ ಮಾಡಿದ್ದ ಸಾಫ್ಟ್‌ವೇರ್ ಎಲ್ಲಾ ಹೋಗುತ್ತೆ. ಅವಸರದಲ್ಲಿ ಯಾವುದಕ್ಕೆ ಓಕೆ ಕೊಟ್ಟೆವು ಅಂತ ಎಷ್ಟೋ ಸಲ ನೆನಪೇ ಇರಲ್ಲ.

ಯಾವುದೇ ಆಯ್ಕೆ ಆಗಿರಲಿ, ಪಾರ್ಟಿಷನ್ ಫಾರ್ಮ್ಯಾಟ್ ಆಗಿಲ್ಲದಿದ್ದರೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್ ಹುಡುಕಿ. ಹಳೇ ಸಿಸ್ಟಂ ಅದರೊಳಗಿರುತ್ತೆ. ಆದರೆ ಅದಕ್ಕೆ ಆಯುಷ್ಯ 10 ದಿನ ಮಾತ್ರ. ಆಮೇಲೆ ವಿಂಡೋಸ್ ತಾನೇ ಅಳಿಸಿಬಿಡುತ್ತೆ. ಆದ್ದರಿಂದ ಜಾಗ ಕಡಿಮೆ ಅಂತ ಆ ದಿನಗಳಲ್ಲಿ ಡಿಸ್ಕ್ ಕ್ಲೀನಪ್ ಮಾಡಲೇಬೇಡಿ. ಮೊದಲು ಬೇಕಾದ್ದನ್ನು ಪೆನ್‌ಡ್ರೈವ್‌ಗೋ ಬೇರೆ ಡ್ರೈವ್‌ಗೋ ಕಾಪಿ ಮಾಡಿ.

ಆಪ್‌ಗಳನ್ನು ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿಯೂ ಯಾವುದೋ ಒಂದು ಓಡುತ್ತಿಲ್ಲ, ಸಬ್ಮಿಷನ್ ಹತ್ತಿರದಲ್ಲಿದೆ ಅಂದರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ಒಳಗೆ 'ಗೋ ಬ್ಯಾಕ್' ಇದೆ. ಅದೂ ಅದೇ 10 ದಿನದೊಳಗೆ. ನಿಮ್ಮ ಫೈಲ್‌ಗಳು ಇರುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ಸಾಫ್ಟ್‌ವೇರ್ ಹೋಗುತ್ತೆ. ಗಡುವು ಮುಗಿಯೋ ಮೊದಲೇ 'ಡಿಸ್ಮ್' ಕಮ್ಯಾಂಡ್‌ನ 'ಸೆಟ್ ಓಎಸ್ ಅನ್‌ಇನ್‌ಸ್ಟಾಲ್ ವಿಂಡೋ' ಆಯ್ಕೆ ಬಳಸಿದರೆ 60 ದಿನದವರೆಗೆ ವಿಸ್ತರಿಸಬಹುದು.

ವಿಂಡೋಸ್ ಡಾಟ್ ಓಲ್ಡ್‌ನಿಂದ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನೇ ಎತ್ತಿ ಹೊಸ ಜಾಗಕ್ಕೆ ಹಾಕಿದರೆ ಆಗಲ್ವಾ? ಹೆಚ್ಚಿನವು ಓಡಲ್ಲ. ರಿಜಿಸ್ಟ್ರಿಯಲ್ಲಿ ಅವುಗಳ ನಮೂದು ಇಲ್ಲ, ಸಿಸ್ಟಂ ಫೋಲ್ಡರ್‌ನಲ್ಲಿ ಅವು ಹಾಕಿದ್ದ ಡಿಎಲ್‌ಎಲ್‌ಗಳೂ ಇಲ್ಲ. ಪ್ರೋಗ್ರಾಂ ಅನ್ನು ಹೊಸದಾಗಿ ಹಾಕಿ, ಅದರ ಒಳಗಿದ್ದ ನಿಮ್ಮ ಕೆಲಸವನ್ನು ಮಾತ್ರ ಹಳೇ ಕಡೆಯಿಂದ ತನ್ನಿ. ಎಲ್ಲಿರುತ್ತೆ ಅಂತ ಗೊತ್ತಿದ್ದರೆ ಸುಲಭ:

• ಮೈಎಸ್‌ಕ್ಯೂಎಲ್ ಡೇಟಾಬೇಸ್: ಪ್ರೋಗ್ರಾಂ ಡೇಟಾ ಫೋಲ್ಡರ್ ಒಳಗೆ ಮೈಎಸ್‌ಕ್ಯೂಎಲ್, ಅದರೊಳಗೆ ಡೇಟಾ. ಪ್ರೋಗ್ರಾಂ ಡೇಟಾ ಹಿಡನ್ ಫೋಲ್ಡರ್, ಹಾಗಾಗಿ ಹಿಡನ್ ಐಟಂಗಳನ್ನು ಕಾಣುವ ಹಾಗೆ ಮಾಡಿಕೊಳ್ಳಿ. ಡೇಟಾ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ ಇಟ್ಟುಕೊಳ್ಳಿ, ಮೊದಲಿದ್ದ ವರ್ಷನ್ನನ್ನೇ ಮತ್ತೆ ಹಾಕಿ.
• ಆರ್ಡುಯಿನೋ: ಸ್ಕೆಚ್ ಮತ್ತು ಲೈಬ್ರರಿಗಳು ಡಾಕ್ಯುಮೆಂಟ್ಸ್ ಒಳಗಿನ ಆರ್ಡುಯಿನೋ ಫೋಲ್ಡರ್‌ನಲ್ಲಿ. ಇಎಸ್‌ಪಿ32 ತರಹದ ಬೋರ್ಡ್ ಪ್ಯಾಕೇಜ್‌ಗಳು ಆಪ್‌ಡೇಟಾ, ಲೋಕಲ್, ಆರ್ಡುಯಿನೋ15 ಒಳಗೆ.
• ವಿಎಸ್ ಕೋಡ್: ಸೆಟ್ಟಿಂಗ್ಸ್ ಆಪ್‌ಡೇಟಾ, ರೋಮಿಂಗ್, ಕೋಡ್, ಯೂಸರ್ ಒಳಗೆ.
• ಸ್ಟೀಮ್ ಗೇಮ್ಸ್ ಡಿ ಡ್ರೈವ್‌ನಲ್ಲಿದ್ದರೆ: ಸ್ಟೀಮ್ ಹಾಕಿ, ಹಳೇ ಲೈಬ್ರರಿ ಫೋಲ್ಡರ್ ತೋರಿಸಿ. ಮತ್ತೆ 60 ಜಿಬಿ ಡೌನ್‌ಲೋಡ್ ಬೇಕಿಲ್ಲ.

3. ಹೊಸ ಸಿಸ್ಟಂ ಒಪ್ಪದ ಹಳೇ ಪ್ರೋಗ್ರಾಂ

ಸಿ ಕಲಿಯುವಾಗ ನಮ್ಮಲ್ಲಿ ಅನೇಕರು ನೋಡಿದ ನೀಲಿ ಪರದೆ ಟರ್ಬೋ ಸಿ. ಅದು ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು, ವಿಂಡೋಸ್ 11ಕ್ಕೆ ಇಲ್ಲ. ಹಾಗಾಗಿ ಹಳೇ ಕಂಪ್ಯೂಟರ್‌ನಲ್ಲಿ ನೇರವಾಗಿ ಓಡುತ್ತಿದ್ದ ಟರ್ಬೋ ಸಿ ಹೊಸದರಲ್ಲಿ ಓಡಲ್ಲ. ಡಾಸ್‌ಬಾಕ್ಸ್ ಒಳಗೆ ಓಡುತ್ತೆ. ನಿಮ್ಮ ಲ್ಯಾಬ್ ಪ್ರೋಗ್ರಾಂಗಳು ಬಹುತೇಕ ಟರ್ಬೋ ಸಿ ಫೋಲ್ಡರ್‌ನ ಬಿನ್ ಒಳಗೇ ಇರುತ್ತವೆ, ಅವನ್ನು ಕಾಪಿ ಮಾಡೋದು ಮರೀಬೇಡಿ. ಮ್ಯಾಕ್‌ನವರಿಗೂ ಇದೇ ಕಥೆ: 2019ರ ಕ್ಯಾಟಲಿನಾದಿಂದ 32 ಬಿಟ್ ಆಪ್‌ಗಳು ನಿಂತೇ ಹೋದವು.

ನಮ್ಮ ಕನ್ನಡ ಬಳಗದವರಿಗೆ ಇನ್ನೊಂದು ಮಾತು. ನುಡಿಯ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಅಪ್‌ಗ್ರೇಡ್ ಆದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಫೈಲ್ ಕೆಟ್ಟಿದೆ ಅಂತ ಡಿಲೀಟ್ ಮಾಡಬೇಡಿ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಫಾಂಟ್‌ಗಳು. ಫಾಂಟ್ ಮತ್ತೆ ಹಾಕಿದ ತಕ್ಷಣ ಕನ್ನಡ ವಾಪಸ್ ಬರುತ್ತೆ. ಆಮೇಲೆ ಒಂದು ಸಲ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಬಿಡಿ, ಮುಂದಿನ ಅಪ್‌ಗ್ರೇಡ್‌ನಲ್ಲಿ ಈ ಗೋಳು ಇರಲ್ಲ.

4. ಉಬುಂಟು: ಪೈಥಾನ್ 3.10ರಿಂದ 3.12ಕ್ಕೆ

ಉಬುಂಟು 22.04ರ ಪೈಥಾನ್ 3.10, 24.04ರದ್ದು 3.12. ಪಿಪ್‌ನಿಂದ ಹಾಕಿದ ಪ್ಯಾಕೇಜ್‌ಗಳು 3.10 ಅಂತ ಹೆಸರಿರುವ ಫೋಲ್ಡರ್‌ನಲ್ಲಿರುತ್ತವೆ. ಹೊಸ ಪೈಥಾನ್ 3.12 ಅಂತ ಇರುವ ಫೋಲ್ಡರ್ ಮಾತ್ರ ನೋಡುತ್ತೆ. ಅದಕ್ಕೇ 'ಮಾಡ್ಯೂಲ್ ನಾಟ್ ಫೌಂಡ್'. ಇದು ಮೇಲೆ ಹೇಳಿದ (ಆ) ತರಹದ್ದು.

ವರ್ಚುವಲ್ ಎನ್ವಿರಾನ್ಮೆಂಟ್‌ಗೂ ಇದೇ ಗತಿ. ಅದರೊಳಗಿನ ಪೈಥಾನ್ ಸಾಮಾನ್ಯವಾಗಿ ಸಿಸ್ಟಂ ಪೈಥಾನ್‌ಗೆ ಒಂದು ಲಿಂಕ್ ಅಷ್ಟೇ. ಪರಿಹಾರ ಹೀಗೆ: ಹೊಸ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ. ಅದರಿಂದ 'ಪಿಪ್ ಫ್ರೀಜ್' ಕೊಡುವಾಗ 'ಪಾತ್' ಆಯ್ಕೆಯಲ್ಲಿ ಹಳೇ ಸೈಟ್ ಪ್ಯಾಕೇಜಸ್ ಫೋಲ್ಡರ್ ತೋರಿಸಿ. ಹಳೇ ಪಟ್ಟಿ ಪೂರ್ತಿ ಸಿಗುತ್ತೆ. ಆ ಪಟ್ಟಿಯಿಂದ ಮತ್ತೆ ಇನ್‌ಸ್ಟಾಲ್ ಮಾಡಿ. ಯಾವುದಾದರೂ ಪ್ಯಾಕೇಜ್ ತಕರಾರು ಮಾಡಿದರೆ ಅದರ ವರ್ಷನ್ ಸಂಖ್ಯೆ ತೆಗೆದು ನೋಡಿ; ನಮ್‌ಪೈ 3.12ಕ್ಕೆ ಹೊಂದಿಕೊಂಡಿದ್ದೇ 1.26ರಿಂದ. ಸಿಸ್ಟಂ ಪೈಥಾನ್‌ಗೇ ಪಿಪ್ ಇನ್‌ಸ್ಟಾಲ್ ಮಾಡೋಕೆ ಹೋದರೆ 24.04 ಬಿಡಲ್ಲ. ಅದು ಬಗ್ ಅಲ್ಲ, ಸಿಸ್ಟಂ ಕೆಡದಿರಲಿ ಅಂತ ಬೇಕಂತಲೇ ಹಾಕಿದ ಬೇಲಿ.

ಎಪಿಟಿಯಿಂದ ಹಾಕಿದ್ದು ಹೋಗಿದ್ದರೆ ಎರಡು ಕಾರಣ ನೋಡಿ. ಅಪ್‌ಗ್ರೇಡ್ ಆಗುವಾಗ ಉಬುಂಟು ಹೊರಗಿನ ರೆಪಾಸಿಟರಿಗಳನ್ನು ಆಫ್ ಮಾಡುತ್ತೆ, ಅವು 24.04ಕ್ಕೆ ಬಂದಿವೆಯಾ ಅಂತ ನೋಡಿ ಮತ್ತೆ ಆನ್ ಮಾಡಬೇಕು. ಕೊನೆಯಲ್ಲಿ 'ಬಳಕೆಯಲ್ಲಿಲ್ಲದ ಪ್ಯಾಕೇಜ್ ತೆಗೆಯಲಾ?' ಅಂತಲೂ ಕೇಳುತ್ತೆ. ಅಲ್ಲಿ ಏನೇನು ಹೋಯ್ತು ಅನ್ನೋದು ವಾರ್, ಲಾಗ್ ಒಳಗಿನ ಡಿಸ್ಟ್-ಅಪ್‌ಗ್ರೇಡ್ ಫೋಲ್ಡರ್‌ನ ಲಾಗ್‌ಗಳಲ್ಲಿ ಸಿಗುತ್ತೆ.

5. ಮುಂದಿನ ಸಲಕ್ಕೆ: ಅಪ್‌ಗ್ರೇಡ್‌ಗೆ ಮೊದಲು ಅರ್ಧ ಗಂಟೆ

• ಪಟ್ಟಿ ತೆಗೆಯಿರಿ: ವಿಂಡೋಸ್‌ನಲ್ಲಿ 'ವಿಂಗೆಟ್ ಎಕ್ಸ್‌ಪೋರ್ಟ್', ಉಬುಂಟುನಲ್ಲಿ 'ಎಪಿಟಿ-ಮಾರ್ಕ್ ಶೋಮ್ಯಾನ್ಯುಯಲ್', ಪೈಥಾನ್‌ಗೆ 'ಪಿಪ್ ಫ್ರೀಜ್'. ವಿಂಗೆಟ್ ಪಟ್ಟಿಯನ್ನು ಆಮೇಲೆ 'ಇಂಪೋರ್ಟ್' ಮಾಡಿದರೆ ತನಗೆ ಗೊತ್ತಿರುವ ಸಾಫ್ಟ್‌ವೇರನ್ನೆಲ್ಲಾ ತಾನೇ ಹಾಕುತ್ತೆ.
• ಡೇಟಾಬೇಸ್‌ಗೆ 'ಮೈಎಸ್‌ಕ್ಯೂಎಲ್‌ಡಂಪ್' ಮಾಡಿ. ಸಿಗುವ ಫೈಲ್ ಯಾವ ಕಂಪ್ಯೂಟರ್‌ಗಾದರೂ ಹಾಕಬಹುದು.
• ಕೋಡ್ ಗಿಟ್‌ಗೆ ಪುಶ್ ಮಾಡಿ. ಕಮಿಟ್ ಮಾಡಿದರೆ ಸಾಲದು, ಪುಶ್ ಆಗಬೇಕು.
• ಲೈಸೆನ್ಸ್ ಇರುವ ಸಾಫ್ಟ್‌ವೇರ್ ಇದ್ದರೆ ಕೀ ಬರೆದಿಟ್ಟುಕೊಳ್ಳಿ.
• ಇಂಟರ್ನಲ್ಸ್, ರಿವ್ಯೂ, ಸಬ್ಮಿಷನ್ ವಾರದಲ್ಲಿ ಅಪ್‌ಗ್ರೇಡ್ ಬೇಡವೇ ಬೇಡ.

ಲ್ಯಾಪ್‌ಟಾಪ್ ಅಂಗಡಿಗೆ ಕೊಡುವುದಾದರೆ "ವಿಂಡೋಸ್ ಹಾಕಿ ಕೊಡಿ" ಅಂತಷ್ಟೇ ಹೇಳಬೇಡಿ. ಸಿ ಡ್ರೈವ್ ಫಾರ್ಮ್ಯಾಟ್ ಮಾಡ್ತೀರಾ ಅಂತ ಕೇಳಿ. ಮಾಡ್ತೀವಿ ಅಂದರೆ ಮೊದಲು ಬ್ಯಾಕಪ್, ಆಮೇಲೆ ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಇವತ್ತು ರಾತ್ರಿಯೇ ಹಾಸ್ಟೆಲ್ ವೈಫೈಯಲ್ಲಿ ಮತ್ತೆ ಇಳಿಸಿಕೊಳ್ಳಬಹುದು. ಮೂರು ತಿಂಗಳು ಕೂತು ಬರೆದ ಕೋಡ್ ಯಾವ ಸೈಟ್‌ನಲ್ಲೂ ಡೌನ್‌ಲೋಡ್‌ಗೆ ಸಿಗಲ್ಲ.